ಮೈಸೂರು, ಮಂಡ್ಯದಿಂದ ದೂರದೂರಿನ ಮನೆಯವರ ಹತ್ತಿರ ರೈಲಿನಲ್ಲಿ: ಟಿಕೆಟ್‌ನಿಂದ ಮನೆಬಾಗಿಲವರೆಗೆ

ಮಗಳು ಪುಣೆಯಲ್ಲಿ, ಮಗ ಚೆನ್ನೈನಲ್ಲಿ, ಅಕ್ಕನ ಮನೆ ವಿಜಯಪುರದಲ್ಲಿ. ನಮ್ಮ ಕಡೆ ಈಗ ಹೆಚ್ಚುಕಮ್ಮಿ ಎಲ್ಲರ ಮನೆಯೂ ಹೀಗೇ ಹಂಚಿಹೋಗಿದೆ. ಹಬ್ಬ, ಬಾಣಂತನ, ಗೃಹಪ್ರವೇಶ, ಬೇಸಿಗೆ ರಜೆ ಅಂತ ವರ್ಷಕ್ಕೆ ಒಂದೆರಡು ಸಲವಾದರೂ ಗಂಟುಮೂಟೆ ಕಟ್ಟಲೇಬೇಕು. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ನಾನು ಯಾವಾಗಲೂ ರೈಲು ಅಂತಲೇ ಹೇಳುತ್ತೇನೆ. ಕಾಲು ಚಾಚಿ ಮಲಗಬಹುದು, ಬೇಕಾದಾಗ ಎದ್ದು ಓಡಾಡಬಹುದು, ಶೌಚಾಲಯಕ್ಕೆ ಯಾರನ್ನೂ ಕೇಳಿ ಗಾಡಿ ನಿಲ್ಲಿಸಬೇಕಿಲ್ಲ.

ಈ ಬರಹದ ಉದ್ದಕ್ಕೂ ಒಂದು ಮಾತನ್ನು ಹಿಡಿದುಕೊಂಡಿರಿ. ಮನೆಯಲ್ಲಿ ಯಾರಿಗೆ ಪ್ರಯಾಣ ಎಲ್ಲರಿಗಿಂತ ಕಷ್ಟವೋ ಅವರನ್ನು ಮುಂದಿಟ್ಟುಕೊಂಡು ಎಲ್ಲವನ್ನೂ ತೀರ್ಮಾನ ಮಾಡಿ. ಮಂಡಿನೋವಿರುವ ಅಮ್ಮನಿಗೆ ಸರಿಹೋದ ಪ್ರಯಾಣ ಮಿಕ್ಕವರಿಗೆಲ್ಲ ಸಲೀಸಾಗಿಯೇ ಇರುತ್ತದೆ.

1. ತಲುಪುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಬಹಳ ಜನ ಹೊರಡುವ ಹೊತ್ತು ನೋಡಿ ರೈಲು ಆರಿಸುತ್ತಾರೆ. ಆಫೀಸು ಮುಗಿಸಿ ಹತ್ತಬಹುದು, ಒಂದು ದಿನ ರಜೆ ಉಳಿಯುತ್ತದೆ ಅಂತ. ಆದರೆ ಆ ಕಡೆ ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಇಳಿಯಬೇಕಾಗಿ ಬಂದರೆ ಕಷ್ಟ ಇಬ್ಬರಿಗೂ. ನಿಮಗೆ ನಿದ್ದೆ ಇಲ್ಲ. ಕರೆದುಕೊಂಡು ಹೋಗಲು ಬರುವ ಅಳಿಯನಿಗೂ ನಿದ್ದೆ ಇಲ್ಲ. ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರೊಳಗೆ ತಲುಪುವ ರೈಲು ಯಾವುದಿದೆ ಅಂತ ಮೊದಲು ನೋಡಿ. ಆಮೇಲೆ ಹೊರಡುವ ಹೊತ್ತಿಗೆ ಹೊಂದಿಕೊಳ್ಳಿ.

ಇಳಿಯುವ ನಿಲ್ದಾಣದ ಹೆಸರನ್ನೂ ಸರಿಯಾಗಿ ನೋಡಿಕೊಳ್ಳಿ. ದೊಡ್ಡ ಊರುಗಳಲ್ಲಿ ನಿಲ್ದಾಣ ಒಂದೇ ಇರುವುದಿಲ್ಲ. ಮೈಸೂರಿನಿಂದ ದೆಹಲಿಗೆ ಹೋಗುವ ಸ್ವರ್ಣಜಯಂತಿ ಎಕ್ಸ್‌ಪ್ರೆಸ್ ಕೊನೆಗೆ ನಿಲ್ಲುವುದು ಹಜರತ್ ನಿಜಾಮುದ್ದೀನ್‌ನಲ್ಲಿ, ನವದೆಹಲಿ ನಿಲ್ದಾಣದಲ್ಲಲ್ಲ. ಹೈದರಾಬಾದಿನ ರೈಲು ಕಾಚಿಗುಡಕ್ಕೆ ಹೋಗುತ್ತದೆ, ನಿಮ್ಮವರ ಮನೆ ಸಿಕಂದರಾಬಾದ್ ಕಡೆ ಇರಬಹುದು. ಟಿಕೆಟ್ ಮಾಡುವ ಮೊದಲೇ ಆ ಊರಿನವರಿಗೆ ಫೋನ್ ಮಾಡಿ ‘ಯಾವ ಸ್ಟೇಷನ್ ನಿಮ್ಮ ಮನೆಗೆ ಹತ್ತಿರ?’ ಅಂತ ಕೇಳಿಬಿಡಿ. ಆ ಊರಿನ ಟ್ರಾಫಿಕ್ ಅವರಿಗೆ ಗೊತ್ತಿರುವಷ್ಟು ಯಾವ ಮ್ಯಾಪಿಗೂ ಗೊತ್ತಿರುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ಉತ್ತರದ ಕಡೆ ಹೋಗುವವರಿಗೆ ಇನ್ನೊಂದು ಮಾತು. ಅಲ್ಲಿ ದಟ್ಟ ಮಂಜು ಬೀಳುತ್ತದೆ, ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಮದುವೆ, ಉಪನಯನ ಇದ್ದರೆ ಒಂದು ಇಡೀ ದಿನ ಮುಂಚೆ ತಲುಪುವ ಹಾಗೆ ಹೊರಡಿ.

2. ಯಾವ ರೈಲು, ಎಲ್ಲಿಂದ

ಮೈಸೂರಿನಿಂದ ಮೂರು ದಿಕ್ಕಿಗೆ ಹಳಿ ಹೋಗುತ್ತದೆ. ಒಂದು ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಮದ್ದೂರು ಹಾದು ಬೆಂಗಳೂರಿಗೆ. ಇನ್ನೊಂದು ಕೃಷ್ಣರಾಜನಗರ, ಹೊಳೆನರಸೀಪುರದ ಮೇಲೆ ಹಾಸನ, ಅರಸೀಕೆರೆಗೆ. ಮೂರನೆಯದು ನಂಜನಗೂಡು, ಚಾಮರಾಜನಗರಕ್ಕೆ. ಇದನ್ನು ಯಾಕೆ ಹೇಳಿದೆ ಅಂದರೆ, ‘ಮೈಸೂರು ರೈಲು’ ಅಂದ ಮಾತ್ರಕ್ಕೆ ಅದು ಮಂಡ್ಯಕ್ಕೆ ಬರುತ್ತದೆ ಅಂತಲ್ಲ. ಹಾಸನದ ಹಾದಿ ಹಿಡಿಯುವ ರೈಲು ಮಂಡ್ಯದ ಮುಖವನ್ನೇ ನೋಡುವುದಿಲ್ಲ. ಬೆಂಗಳೂರಿನ ಹಾದಿಯಲ್ಲಿ ಹೋಗುವ ರೈಲುಗಳಲ್ಲೂ ಎಲ್ಲವೂ ಮಂಡ್ಯದಲ್ಲಿ ನಿಲ್ಲುವುದಿಲ್ಲ. ಮಂಡ್ಯ, ಮಳವಳ್ಳಿ, ನಾಗಮಂಗಲ ಕಡೆಯವರು ರೈಲಿನ ನಿಲುಗಡೆ ಪಟ್ಟಿಯನ್ನು ಕಣ್ಣಾರೆ ನೋಡಿಯೇ ಮುಂದುವರಿಯಬೇಕು.

ನೇರ ರೈಲುಗಳು ನಮಗೆ ಕಡಿಮೆಯೇನಿಲ್ಲ. ಹುಬ್ಬಳ್ಳಿ, ಬಾಗಲಕೋಟೆ, ವಿಜಯಪುರ ಕಡೆಗೆ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಇದೆ, ಅದು ಈಗ ಪಂಢರಪುರದವರೆಗೂ ಹೋಗುತ್ತದೆ. ಬಳ್ಳಾರಿ, ಹೊಸಪೇಟೆ, ಕೊಪ್ಪಳಕ್ಕೆ ಹಂಪಿ ಎಕ್ಸ್‌ಪ್ರೆಸ್. ಕಲಬುರಗಿ ಕಡೆಯವರಿಗೆ ಬಸವ ಎಕ್ಸ್‌ಪ್ರೆಸ್. ಚೆನ್ನೈಗೆ ರಾತ್ರಿ ಮಲಗಿ ಹೋಗುವವರಿಗೆ ಕಾವೇರಿ ಎಕ್ಸ್‌ಪ್ರೆಸ್, ಹಗಲಲ್ಲಿ ಕುಳಿತು ಹೋಗುವವರಿಗೆ ಶತಾಬ್ದಿ ಮತ್ತು 2022ರ ನವೆಂಬರ್‌ನಲ್ಲಿ ಶುರುವಾದ ವಂದೇ ಭಾರತ್. ಪುಣೆ ಮೇಲೆ ಅಜ್ಮೇರ್‌ಗೆ, ವಾರಾಣಸಿಗೆ, ಹೌರಾಕ್ಕೆ ಹೋಗುವ ರೈಲುಗಳೂ ಮೈಸೂರಿನಿಂದಲೇ ಹೊರಡುತ್ತವೆ. ಆದರೆ ಇಂಥ ಉದ್ದದ ರೈಲುಗಳು ದಿನಾ ಇರುವುದಿಲ್ಲ, ವಾರಕ್ಕೆ ಒಂದೋ ಎರಡೋ ದಿನ ಮಾತ್ರ. ಹಾಗಾಗಿ ರಜೆ ಹಾಕುವ ಮೊದಲು ರೈಲು ವಾರದ ಯಾವ ದಿನ ಅಂತ ನೋಡಿ.

ನೇರ ರೈಲು ಸಿಗದಿದ್ದರೆ ಬೆಂಗಳೂರಿನಲ್ಲಿ ಬದಲಾಯಿಸಬೇಕು. ಮೈಸೂರಿನಿಂದ ಬೆಂಗಳೂರಿಗೆ 140 ಕಿಲೋಮೀಟರ್ ಹತ್ತಿರ. ಎರಡು ರೈಲಿನ ನಡುವೆ ಮೂರು ಗಂಟೆಯಾದರೂ ಬಿಡುವಿರಲಿ. ಮುಂದಿನ ರೈಲು ಎಲ್ಲಿಂದ ಹೊರಡುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದಲೇ ಆದರೆ ಸುಲಭ, ಪ್ಲಾಟ್‌ಫಾರ್ಮ್ ಬದಲಾಯಿಸಿದರೆ ಆಯಿತು. ಯಶವಂತಪುರದಿಂದ ಆದರೆ ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ ಬಂದು ಹಸಿರು ಮಾರ್ಗ ಹಿಡಿಯಬಹುದು. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಆದರೆ ನೇರಳೆ ಮಾರ್ಗದಲ್ಲಿ ಬೈಯಪ್ಪನಹಳ್ಳಿಗೆ ಹೋಗಿ ಅಲ್ಲಿಂದ ಆಟೊ. ಲಗೇಜ್ ಜಾಸ್ತಿ ಇದ್ದು ವಯಸ್ಸಾದವರೂ ಇದ್ದರೆ ಮೆಟ್ರೊ ಮೆಟ್ಟಿಲು ಬೇಡ, ಟ್ಯಾಕ್ಸಿ ಮಾಡಿ. ಆ ದುಡ್ಡನ್ನು ಉಳಿಸಬೇಡಿ.

ಎರಡೂ ಟಿಕೆಟ್‌ನಲ್ಲಿ ಪ್ರಯಾಣಿಕರ ಹೆಸರು ಒಂದೇ ಥರ ಇದ್ದು, ಇಳಿಯುವ ಮತ್ತು ಹತ್ತುವ ನಿಲ್ದಾಣ ಒಂದೇ ಆಗಿದ್ದರೆ ಎರಡು ಪಿಎನ್‌ಆರ್‌ಗಳನ್ನೂ (ಟಿಕೆಟ್ ಮೇಲಿರುವ ಬುಕಿಂಗ್ ಸಂಖ್ಯೆ) ಜೋಡಿಸಲು ಬರುತ್ತದೆ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಆ ಟಿಕೆಟ್ಟಿನ ಹಣ ವಾಪಸ್ ಕೇಳಲು ಇದು ಆಧಾರ.

3. ಟಿಕೆಟ್: 60 ದಿನದ ಲೆಕ್ಕ

ಈಗ ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು. 2024ರ ಅಕ್ಟೋಬರ್‌ವರೆಗೆ 120 ದಿನ ಇತ್ತು, ಹಳೆಯ ಲೆಕ್ಕದಲ್ಲಿ ಇನ್ನೂ ಇರುವವರು ಗಮನಿಸಿ. ಹೊರಡುವ ದಿನವನ್ನು ಬಿಟ್ಟು ಎಣಿಸಬೇಕು. ಅಕ್ಟೋಬರ್ 20ರ ರೈಲಿಗೆ ಆಗಸ್ಟ್ 21ರ ಬೆಳಗ್ಗೆ 8ಕ್ಕೆ ಬುಕಿಂಗ್ ತೆರೆಯುತ್ತದೆ. ದಸರಾ, ದೀಪಾವಳಿ, ಸಂಕ್ರಾಂತಿ ಹೊತ್ತಿನಲ್ಲಿ ಎಂಟು ಗಂಟೆಗೇ ಕೂರಬೇಕು. ಕಾಫಿ ಕುಡಿದು ಬರುತ್ತೇನೆ ಅಂದರೆ ಕೆಳಗಿನ ಬರ್ತ್ ಎಲ್ಲ ಮುಗಿದಿರುತ್ತದೆ.

ವಾಪಸ್ ಬರುವ ಟಿಕೆಟ್ ಮಾಡುವಾಗ ಇದು ನೆನಪಿರಲಿ. 60 ದಿನದ ಲೆಕ್ಕ ರೈಲು ಹೊರಡುವ ಮೊದಲ ನಿಲ್ದಾಣದ ತಾರೀಖಿನ ಮೇಲೆ. ಅಜ್ಮೇರ್‌ನಿಂದ ಹೊರಟ ರೈಲನ್ನು ನೀವು ಮರುದಿನ ಪುಣೆಯಲ್ಲಿ ಹತ್ತುವುದಾದರೆ, ನಿಮ್ಮ ಲೆಕ್ಕಕ್ಕಿಂತ ಒಂದು ದಿನ ಮುಂಚೆಯೇ ಬುಕಿಂಗ್ ತೆರೆದಿರುತ್ತದೆ. ಹಿಂದಿನ ದಿನ ತೆರೆಯುವ ತುರ್ತು ಬುಕಿಂಗ್ ಆದ ತತ್ಕಾಲ್‌ಗೂ ಇದೇ ಲೆಕ್ಕ.

ಬುಕಿಂಗ್ ದಿನಕ್ಕೆ ಮುಂಚೆ ಮಾಡಿಟ್ಟುಕೊಳ್ಳಬೇಕಾದ ಕೆಲಸಗಳಿವೆ. ರೈಲ್ವೆಯ ಆನ್‌ಲೈನ್ ಟಿಕೆಟ್ ತಾಣವಾದ ಐಆರ್‌ಸಿಟಿಸಿಯ ಖಾತೆಗೆ ಆಧಾರ್ ಜೋಡಿಸಿ. 2025ರ ಜುಲೈನಿಂದ ತತ್ಕಾಲ್ ಟಿಕೆಟ್‌ಗೆ ಇದು ಕಡ್ಡಾಯ, ಮುಂಗಡ ಬುಕಿಂಗ್ ತೆರೆದ ಮೊದಲ ಹೊತ್ತಿನಲ್ಲೂ ಆಧಾರ್ ಜೋಡಿಸಿದ ಖಾತೆಗೇ ಅವಕಾಶ. ಮನೆಯವರ ಹೆಸರು, ವಯಸ್ಸು ಎಲ್ಲ ಮಾಸ್ಟರ್ ಲಿಸ್ಟ್‌ನಲ್ಲಿ ಮೊದಲೇ ತುಂಬಿಡಿ. ಒಂದು ಟಿಕೆಟ್‌ನಲ್ಲಿ ಆರು ಜನ, ತತ್ಕಾಲ್ ಆದರೆ ನಾಲ್ಕು ಜನ. ಫೋನಿನಲ್ಲಿ ಇದೆಲ್ಲ ಆಗದ ಹಿರಿಯರಿಗೆ ಮೈಸೂರು, ಮಂಡ್ಯ ಎರಡೂ ಕಡೆ ರಿಸರ್ವೇಷನ್ ಕೌಂಟರ್ ಇದೆ. ಫಾರಂ ಹಿಂದಿನ ದಿನವೇ ತಂದು ಮನೆಯಲ್ಲಿ ತುಂಬಿಸಿಕೊಟ್ಟರೆ ಅವರಿಗೆ ಗಾಬರಿ ಇರುವುದಿಲ್ಲ.

ಮಂಡ್ಯದವರಿಗೆ ಒಂದು ಉಪಾಯ. ಮಂಡ್ಯದಿಂದ ಸೀಟು ತೋರಿಸದಿದ್ದರೆ ಮೈಸೂರಿನಿಂದ ಹುಡುಕಿ ನೋಡಿ. ಸಿಕ್ಕರೆ ಮೈಸೂರಿನಿಂದ ಟಿಕೆಟ್ ಮಾಡಿ, ಬೋರ್ಡಿಂಗ್ ಜಾಗದಲ್ಲಿ ಮಂಡ್ಯ ಅಂತ ಹಾಕಿ. ಸ್ವಲ್ಪ ದುಡ್ಡು ಜಾಸ್ತಿ ಆಗಬಹುದು, ಆದರೆ ಬರ್ತ್ ಸಿಗುತ್ತದೆ. ಬೋರ್ಡಿಂಗ್ ಬದಲಾಯಿಸದೆ ಸುಮ್ನೆ ಮಂಡ್ಯದಲ್ಲಿ ಹತ್ತೋಣ ಅಂತ ಮಾತ್ರ ಕೂರಬೇಡಿ. ಮೈಸೂರಿನಲ್ಲಿ ನೀವು ಹತ್ತಲಿಲ್ಲ ಅಂತ ಟಿಕೆಟ್ ತಪಾಸಣೆ ಮಾಡುವ ಟಿಟಿಇ ಆ ಬರ್ತನ್ನು ಬೇರೆಯವರಿಗೆ ಕೊಟ್ಟುಬಿಡಬಹುದು.

4. ಕೆಳಗಿನ ಬರ್ತ್ ಸಿಗಬೇಕಾದರೆ

ಮನೆಯವರೆಲ್ಲ ಒಂದೇ ಟಿಕೆಟ್‌ನಲ್ಲಿರಲಿ ಅಂತ ಅನ್ನಿಸುವುದು ಸಹಜ. ಆದರೆ ಹಿರಿಯರಿಗೆ ಕೆಳಗಿನ ಬರ್ತ್ ಬೇಕಾದರೆ ಅವರ ಟಿಕೆಟ್ಟನ್ನು ಬೇರೆ ಮಾಡಿ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರಿಗೆ ಅಂತ ಕೆಳಗಿನ ಬರ್ತ್‌ಗಳ ಕೋಟಾ ಇದೆ. ಅದು ಸಿಗುವುದು ಅವರು ಒಬ್ಬರೇ ಅಥವಾ ಇಬ್ಬರೇ ಒಂದು ಟಿಕೆಟ್‌ನಲ್ಲಿದ್ದಾಗ ಮಾತ್ರ. ಅಪ್ಪ ಅಮ್ಮನ ಜೊತೆ ಮೊಮ್ಮಗನ ಹೆಸರು ಸೇರಿಸಿದಿರೋ, ಆ ಕೋಟಾ ಕೈತಪ್ಪಿತು. ಅಪ್ಪ ಅಮ್ಮನಿಗೆ ಒಂದು ಟಿಕೆಟ್, ಉಳಿದವರಿಗೆ ಒಂದು. ಇಬ್ಬರು ಎರಡು ಫೋನಿನಲ್ಲಿ ಒಟ್ಟಿಗೆ ಕೂತು ಮಾಡಿದರೆ ಬೋಗಿಯೂ ಒಂದೇ ಸಿಗುವ ಸಾಧ್ಯತೆ ಇರುತ್ತದೆ. ಹಿರಿಯರಿಗಿದ್ದ ದರದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಈ ಬರ್ತ್ ಕೋಟಾ ಉಳಿದಿದೆ, ಅದನ್ನಾದರೂ ಬಿಡಬೇಡಿ.

ಟಿಕೆಟ್ ಬಂದ ಮೇಲೆ ಬರ್ತ್ ಸಂಖ್ಯೆ ನೋಡಿದರೆ ಜಾಗ ಗೊತ್ತಾಗುತ್ತದೆ. ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಎಂಟೆಂಟರ ಲೆಕ್ಕ. 1 ಮತ್ತು 4 ಕೆಳಗೆ, 2 ಮತ್ತು 5 ನಡುವೆ, 3 ಮತ್ತು 6 ಮೇಲೆ, 7 ಸೈಡ್ ಲೋಯರ್, 8 ಸೈಡ್ ಅಪ್ಪರ್. ಮುಂದೆ 9 ಮತ್ತೆ ಕೆಳಗಿನದು. ಬಾಗಿಲ ಪಕ್ಕದ ಬರ್ತ್‌ಗಳಲ್ಲಿ ರಾತ್ರಿಯಿಡೀ ಓಡಾಟ, ಶೌಚಾಲಯದ ವಾಸನೆ. ಬೋಗಿಯ ನಡುಭಾಗ ಸಿಕ್ಕರೆ ಒಳ್ಳೆಯದು. ಆದರೆ ರಾತ್ರಿ ಎರಡು ಮೂರು ಸಲ ಏಳುವ ಹಿರಿಯರಿಗೆ ಬಾಗಿಲ ಹತ್ತಿರದ್ದೇ ಅನುಕೂಲ, ಅದನ್ನೂ ಯೋಚಿಸಿ.

ಮಕ್ಕಳ ವಿಷಯ: ಐದು ವರ್ಷ ತುಂಬದವರಿಗೆ ಟಿಕೆಟ್ ಇಲ್ಲ, ಬರ್ತೂ ಇಲ್ಲ. ಐದರಿಂದ ಹನ್ನೆರಡರೊಳಗಿನವರಿಗೆ ಬರ್ತ್ ಬೇಕಾದರೆ ಪೂರ್ತಿ ದರ, ಬೇಡವಾದರೆ ಅರ್ಧ. ಒಂದು ರಾತ್ರಿಯ ಪ್ರಯಾಣವಾದರೂ ಏಳೆಂಟು ವರ್ಷದ ಮಗುವಿಗೆ ಬರ್ತ್ ತೆಗೆದುಕೊಳ್ಳಿ. ಅಷ್ಟು ಅಗಲದ ಜಾಗದಲ್ಲಿ ತಾಯಿ ಮಗು ಇಬ್ಬರೂ ನಿದ್ದೆ ಮಾಡಲು ಆಗುವುದಿಲ್ಲ.

5. ವೇಟಿಂಗ್ ಲಿಸ್ಟ್ ಬಂದರೆ

ಆರ್‌ಎಸಿ ಬಂದರೆ ಹೆದರಬೇಡಿ, ರೈಲು ಹತ್ತಬಹುದು. ಸೈಡ್ ಲೋಯರ್‌ನಲ್ಲಿ ಇಬ್ಬರಿಗೆ ಕೂರುವ ಜಾಗ ಕೊಡುತ್ತಾರೆ, ಬರ್ತ್ ಖಾಲಿಯಾದರೆ ಪೂರ್ತಿ ಸಿಗುತ್ತದೆ. ವೇಟಿಂಗ್ ಲಿಸ್ಟ್ ಬೇರೆ. ಅದರಲ್ಲೂ ಟಿಕೆಟ್ ಮೇಲೆ ಜಿಎನ್‌ಡಬ್ಲ್ಯುಎಲ್ (GNWL, ಸಾಮಾನ್ಯ ವೇಟಿಂಗ್) ಅಂತ ಇದ್ದರೆ ಕನ್‌ಫರ್ಮ್ ಆಗುವ ಆಸೆ ಜಾಸ್ತಿ. ಪಿಕ್ಯೂಡಬ್ಲ್ಯುಎಲ್ (PQWL), ಆರ್‌ಎಲ್‌ಡಬ್ಲ್ಯುಎಲ್ (RLWL) ಅಂತಿದ್ದರೆ ಬೇರೆ ದಾರಿ ನೋಡಿಟ್ಟುಕೊಳ್ಳಿ. ಆನ್‌ಲೈನ್ ಟಿಕೆಟ್ ಚಾರ್ಟ್ (ಬರ್ತ್ ಹಂಚಿಕೆಯ ಕೊನೆಯ ಪಟ್ಟಿ) ಆದ ಮೇಲೂ ವೇಟಿಂಗ್‌ನಲ್ಲೇ ಉಳಿದರೆ ತಾನೇ ರದ್ದಾಗಿ ಹಣ ಖಾತೆಗೆ ಬರುತ್ತದೆ. ಕೌಂಟರ್ ಟಿಕೆಟ್ಟನ್ನು ನೀವೇ ರದ್ದು ಮಾಡಿಸಬೇಕು. ವೇಟಿಂಗ್ ಟಿಕೆಟ್ ಹಿಡಿದುಕೊಂಡು ಸ್ಲೀಪರ್ ಬೋಗಿ ಹತ್ತುವಂತಿಲ್ಲ.

ತತ್ಕಾಲ್ ತೆರೆಯುವುದು ಹಿಂದಿನ ದಿನ, ಎಸಿಗೆ ಬೆಳಗ್ಗೆ 10, ಸ್ಲೀಪರ್‌ಗೆ 11. ಕನ್‌ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಹಣ ಬರುವುದಿಲ್ಲ. ಸಾವು, ಕಾಯಿಲೆ ಅಂತ ದಿಢೀರನೆ ಹೊರಡುವವರಿಗೆ ತತ್ಕಾಲ್ ಸರಿ. ಹಬ್ಬಕ್ಕೆ ಅದನ್ನೇ ನಂಬಬೇಡಿ.

6. ಸಾಮಾನು ಕಟ್ಟುವುದು

ನಮ್ಮ ಕಡೆಯವರು ಬರಿಗೈಲಿ ಹೋಗುವವರಲ್ಲ. ಮಗಳ ಬಾಣಂತನಕ್ಕೆ ಹೊರಟ ತಾಯಿಯ ಚೀಲ ನೋಡಿ. ತುಪ್ಪ, ಅಂಟಿನ ಉಂಡೆ, ಮಂಡ್ಯದ ಬೆಲ್ಲ, ರಾಗಿಹಿಟ್ಟು, ಸಾರಿನ ಪುಡಿ, ಓಮ, ಮೆಂತ್ಯ, ಜೊತೆಗೆ ಹಳೆಯ ಮೆತ್ತನೆ ಪಂಚೆ ಸೀರೆಗಳು. ಬಟ್ಟೆಗಿಂತ ಇದೇ ಜಾಸ್ತಿ. ಇದನ್ನು ಬೇಡ ಅನ್ನುವ ಮನಸ್ಸು ನನಗಿಲ್ಲ. ಆ ಊರಿನಲ್ಲಿ ರಾಗಿ ಸಿಗಬಹುದು, ಅಮ್ಮ ಬೀಸಿಸಿ ಜರಡಿ ಹಿಡಿದ ಹಿಟ್ಟು ಸಿಗುವುದಿಲ್ಲ. ಕಟ್ಟುವ ರೀತಿ ಮಾತ್ರ ಸರಿಯಿರಬೇಕು.

ತುಪ್ಪವನ್ನು ಹೊರಡುವ ಹಿಂದಿನ ದಿನವೇ ಅಗಲ ಬಾಯಿಯ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟು ಗಟ್ಟಿ ಮಾಡಿ. ಕುತ್ತಿಗೆವರೆಗೆ ತುಂಬಬೇಡಿ, ಎರಡು ಬೆರಳು ಜಾಗ ಬಿಡಿ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅದರ ಮೇಲೆ ಮುಚ್ಚಳ ತಿರುಗಿಸಿ, ಸುತ್ತಲೂ ಟೇಪ್ ಹಾಕಿ. ಆಮೇಲೆ ಒಂದು ಹಳೆ ಟವಲ್‌ನಲ್ಲಿ ಸುತ್ತಿ, ಕವರ್‌ಗೆ ಹಾಕಿ, ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ. ರಾತ್ರಿ ಕರಗಿ ಸ್ವಲ್ಪ ಒಸರಿದರೂ ಟವಲ್ ಹೀರಿಕೊಳ್ಳುತ್ತದೆ, ಪಕ್ಕದ ಸೀರೆಗೆ ತಾಕುವುದಿಲ್ಲ. ಅಚ್ಚುಬೆಲ್ಲವನ್ನು ಒಂದೊಂದಾಗಿ ಪೇಪರ್‌ನಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ, ಇಲ್ಲದಿದ್ದರೆ ಸೆಕೆಗೆ ಬೆವೆತು ಇರುವೆ ಬರುತ್ತದೆ. ಮೈಸೂರು ಪಾಕನ್ನು ಎಲ್ಲದಕ್ಕಿಂತ ಮೇಲೆ ಇಡಿ.

ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಒಬ್ಬರಿಗೆ 40 ಕಿಲೋ ಉಚಿತ, ಸೆಕೆಂಡ್ ಎಸಿಗೆ 50. ತೂಕ ಮೀರುವುದು ಅಪರೂಪ, ನಿಜವಾದ ಕಷ್ಟ ಎತ್ತುವುದರಲ್ಲಿ. ಒಂದು ದೊಡ್ಡ ಚೀಲಕ್ಕಿಂತ ಒಬ್ಬರು ಒಂದು ಕೈಯಲ್ಲಿ ಎತ್ತಬಲ್ಲ ಎರಡು ಚೀಲ ಮಾಡಿ. ಗ್ಯಾಸ್, ಸೀಮೆಎಣ್ಣೆ, ಪಟಾಕಿ ರೈಲಿನಲ್ಲಿ ಒಯ್ಯುವಂತಿಲ್ಲ. ದೀಪಾವಳಿಗೆ ಮೊಮ್ಮಕ್ಕಳಿಗೆ ಪಟಾಕಿ ಅಲ್ಲೇ ಕೊಡಿಸಿ.

ಔಷಧಿ, ಕನ್ನಡಕ, ಗುರುತಿನ ಚೀಟಿ, ಚಾರ್ಜರ್, ಒಂದು ಜೊತೆ ಬಟ್ಟೆ ಇವೆಲ್ಲ ಹೆಗಲ ಚೀಲದಲ್ಲಿರಲಿ. ಬಿಪಿ, ಶುಗರ್ ಮಾತ್ರೆ ಬರ್ತ್ ಕೆಳಗಿನ ಸೂಟ್‌ಕೇಸಿನಲ್ಲಿದ್ದರೆ ರಾತ್ರಿ ಎಲ್ಲರನ್ನೂ ಎಬ್ಬಿಸಬೇಕಾಗುತ್ತದೆ. ಸ್ಲೀಪರ್‌ನಲ್ಲಿ ಹಾಸಿಗೆ ಕೊಡುವುದಿಲ್ಲ, ಬೆಡ್‌ಶೀಟ್ ಒಯ್ಯಿರಿ. ಎಸಿಯಲ್ಲಿ ಕೊಡುತ್ತಾರೆ, ಆದರೂ ಹಿರಿಯರಿಗೆ ಒಂದು ಸ್ವೆಟರ್, ಕಾಲುಚೀಲ ಇರಲಿ.

7. ಬುತ್ತಿ

ಮೊದಲ ರಾತ್ರಿಗೆ ಮೊಸರನ್ನ. ಅದು ಹುಳಿಯಾಗದಿರಲು ಅನ್ನವನ್ನು ಬಿಸಿಯಿರುವಾಗಲೇ ಮೆತ್ತಗೆ ಹಿಸುಕಿ, ಆರಿದ ಮೇಲೆ ಹಾಲು ಹಾಕಿ ಕಲಸಿ, ಮೊಸರು ಒಂದೆರಡು ಚಮಚ ಮಾತ್ರ ಸೇರಿಸಿ. ಮಧ್ಯಾಹ್ನ ಕಲಸಿದ್ದು ರಾತ್ರಿ ಊಟದ ಹೊತ್ತಿಗೆ ಹದವಾಗಿರುತ್ತದೆ. ಮರುದಿನ ಬೆಳಗ್ಗೆಗೆ ಪುಳಿಯೋಗರೆ, ಗೊಜ್ಜಿಗೆ ಎಳ್ಳೆಣ್ಣೆ ಧಾರಾಳವಾಗಿರಲಿ, ಹಸಿ ತೆಂಗಿನಕಾಯಿ ಬೇಡ. ಚಪಾತಿಗೆ ಕಾಯಿ ಹಾಕಿದ ಪಲ್ಯಕ್ಕಿಂತ ಚಟ್ನಿಪುಡಿ ತುಪ್ಪ ವಾಸಿ. ಕೋಡುಬಳೆ, ನಿಪ್ಪಟ್ಟು ಎಷ್ಟಿದ್ದರೂ ಮಕ್ಕಳು ಖಾಲಿ ಮಾಡುತ್ತಾರೆ. ಎರಡನೇ ದಿನದಿಂದ ಐಆರ್‌ಸಿಟಿಸಿಯ ಇ-ಕೇಟರಿಂಗ್‌ನಲ್ಲಿ ಪಿಎನ್‌ಆರ್ ಕೊಟ್ಟರೆ ಮುಂದಿನ ದೊಡ್ಡ ನಿಲ್ದಾಣದಲ್ಲಿ ಸೀಟಿಗೇ ಊಟ ತಂದುಕೊಡುತ್ತಾರೆ.

8. ಮಂಡ್ಯದಲ್ಲಿ ಹತ್ತುವಾಗ

ಮೈಸೂರಿನಲ್ಲಿ ಹತ್ತುವವರಿಗೆ ಆತುರವಿಲ್ಲ, ಅಲ್ಲಿಂದಲೇ ಹೊರಡುವ ರೈಲು ಮೊದಲೇ ಪ್ಲಾಟ್‌ಫಾರ್ಮ್‌ಗೆ ಬಂದಿರುತ್ತದೆ. ಮಂಡ್ಯದಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ. ಮುಕ್ಕಾಲು ಗಂಟೆ ಮುಂಚೆ ಹೋಗಿ. ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಡಿಸ್‌ಪ್ಲೇ ಬೋರ್ಡ್ ನೋಡಿ, ಇಲ್ಲವಾದರೆ ನಿಲ್ದಾಣದ ಸಿಬ್ಬಂದಿಯನ್ನು ಕೇಳಿ. ಎಂಜಿನ್‌ನಿಂದ ಎಷ್ಟನೇ ಬೋಗಿ ಅಂತ ತಿಳಿದರೆ ಅಂದಾಜು ಸಿಗುತ್ತದೆ. ರೈಲು ಬರುವ ಮುಂಚೆಯೇ ಅಲ್ಲಿ ನಿಂತಿರಬೇಕು. ಬಂದ ಮೇಲೆ ಅಮ್ಮನನ್ನು ಓಡಿಸಬಾರದು.

ಹತ್ತುವ ಸರದಿಯನ್ನೂ ಮೊದಲೇ ಮಾತಾಡಿಕೊಳ್ಳಿ. ಗಟ್ಟಿಮುಟ್ಟಾದ ಒಬ್ಬರು ಮೊದಲು ಹತ್ತಿ ಮೇಲಿನಿಂದ ಕೈ ಕೊಡಬೇಕು. ಆಮೇಲೆ ಹಿರಿಯರು, ಮಕ್ಕಳು. ಚೀಲಗಳು ಅದರ ನಂತರ. ಕೆಳಗೆ ಉಳಿದವರು ಒಂದೊಂದಾಗಿ ಕೊಡುತ್ತಾ ಹೋಗಿ ಕೊನೆಗೆ ತಾವು ಹತ್ತಬೇಕು. ಚೀಲ ಮೊದಲು ಎಸೆದರೆ ಅದೇ ಬಾಗಿಲಿಗೆ ಅಡ್ಡವಾಗಿ ಅಜ್ಜಿ ಕೆಳಗೇ ಉಳಿಯುತ್ತಾರೆ. ನಿಮ್ಮ ಬೋಗಿ ದೂರ ನಿಂತುಬಿಟ್ಟರೆ ಎದುರಿಗೆ ಬಂದ ಬೋಗಿಯನ್ನೇ ಹತ್ತಿ, ಒಳಗಿನಿಂದ ನಡೆದು ಹೋಗಬಹುದು. ಕಳಿಸಲು ಬಂದವರು ಬೋಗಿಯೊಳಗೆ ಹತ್ತಬೇಡಿ, ಟಾಟಾ ಕೆಳಗಿನಿಂದಲೇ ಸಾಕು.

9. ರಾತ್ರಿ, ಮತ್ತೆ ಇಳಿಯುವುದು

ನಡುವಿನ ಬರ್ತ್ ಬಿಚ್ಚುವ ಹೊತ್ತು ರಾತ್ರಿ 10ರಿಂದ ಬೆಳಗ್ಗೆ 6. ಅದಕ್ಕೆ ಮುಂಚೆ ಹಿರಿಯರು ಮಲಗಬೇಕು ಅಂದರೆ ಎದುರಿನವರನ್ನು ವಿನಯದಿಂದ ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಚೀಲಗಳನ್ನು ಕೆಳಗಿನ ಬರ್ತ್ ಅಡಿಯ ಕೊಂಡಿಗೆ ಚೈನ್ ಹಾಕಿ ಬೀಗ ಹಾಕಿ. ಫೋನನ್ನು ಮಲಗುವ ಮುಂಚೆ ಚಾರ್ಜ್ ಮಾಡಿಕೊಳ್ಳಿ, ರಾತ್ರಿ ಚಾರ್ಜಿಂಗ್ ಪಾಯಿಂಟ್‌ಗೆ ಕರೆಂಟ್ ಇಲ್ಲದೆ ಇರಬಹುದು. ಶೌಚಾಲಯದಲ್ಲಿ ನೀರಿಲ್ಲ, ಯಾರೋ ಕಿರಿಕಿರಿ ಮಾಡುತ್ತಿದ್ದಾರೆ, ಯಾರಿಗೋ ಮೈ ಸರಿಯಿಲ್ಲ, ಏನಿದ್ದರೂ 139ಕ್ಕೆ ಫೋನ್ ಮಾಡಿ. ಪಿಎನ್‌ಆರ್, ಬೋಗಿ, ಬರ್ತ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಹಿರಿಯರ ಜೇಬಿನಲ್ಲೂ ಇಡಿ.

‘ವೇರ್ ಈಸ್ ಮೈ ಟ್ರೈನ್’ ಆ್ಯಪ್‌ನಲ್ಲಿ ಇಳಿಯುವ ನಿಲ್ದಾಣಕ್ಕೆ ಅಲಾರಂ ಇಡಬಹುದು, ಇಂಟರ್ನೆಟ್ ಇಲ್ಲದಿದ್ದರೂ ಮೊಬೈಲ್ ಟವರ್ ಹಿಡಿದು ರೈಲು ಎಲ್ಲಿದೆ ಅಂತ ತೋರಿಸುತ್ತದೆ. ನಿಮ್ಮನ್ನು ಕರೆದುಕೊಂಡು ಹೋಗಲು ಬರುವವರ ಫೋನಿಗೂ ಅದನ್ನೇ ಹಾಕಿಸಿ. ಆಗ ‘ಎಲ್ಲಿದ್ದೀರಿ, ಎಲ್ಲಿದ್ದೀರಿ’ ಅಂತ ಹತ್ತು ಫೋನ್ ಬರುವುದು ತಪ್ಪುತ್ತದೆ. ಇಳಿಯಲು ಅರ್ಧ ಗಂಟೆ ಇರುವಾಗ ಬೀಗ ತೆಗೆದು, ಬರ್ತ್ ಅಡಿ ಟಾರ್ಚ್ ಹಾಕಿ ನೋಡಿ. ಅಜ್ಜಿಯ ಚಪ್ಪಲಿ ಯಾವಾಗಲೂ ಪಕ್ಕದವರ ಕಡೆ ಜಾರಿರುತ್ತದೆ.

ರೈಲು ನೀವು ಹತ್ತುವ ನಿಲ್ದಾಣಕ್ಕೇ ಮೂರು ಗಂಟೆಗಿಂತ ಜಾಸ್ತಿ ತಡವಾಗಿ, ನೀವು ಹೋಗದೇ ಇರಲು ತೀರ್ಮಾನಿಸಿದರೆ ಪೂರ್ತಿ ಹಣ ಕೇಳಬಹುದು. ಆನ್‌ಲೈನ್ ಟಿಕೆಟ್ ಆದರೆ ರೈಲು ಆ ನಿಲ್ದಾಣ ಬಿಡುವುದರೊಳಗೆ ಟಿಡಿಆರ್ (ಹಣ ವಾಪಸ್ ಕೇಳುವ ಆನ್‌ಲೈನ್ ಅರ್ಜಿ) ಹಾಕಬೇಕು.

ವಾಪಸ್ ಟಿಕೆಟ್ ಹೋಗುವ ಟಿಕೆಟ್ ಮಾಡಿದ ವಾರದಲ್ಲೇ ಮಾಡಿ. ಹಬ್ಬ ಮುಗಿದ ಮೇಲಿನ ಭಾನುವಾರ ಎಲ್ಲರೂ ಒಟ್ಟಿಗೆ ವಾಪಸಾಗುತ್ತಾರೆ, ಸಾಧ್ಯವಾದರೆ ಸೋಮವಾರಕ್ಕೋ ಮಂಗಳವಾರಕ್ಕೋ ಹಾಕಿ. ಬಾಣಂತನಕ್ಕೆ ಹೋದ ತಾಯಂದಿರ ವಾಪಸ್ ದಿನವನ್ನು ಮೊದಲೇ ಗೊತ್ತು ಮಾಡಲು ಆಗುವುದಿಲ್ಲ. ಅವರಿಗೆ ಮಾತ್ರ ಮಗು ಹುಟ್ಟಿದ ಮೇಲೆ ಮಗಳ ಜೊತೆ ಕೂತು 60 ದಿನ ಎಣಿಸಿ ಮಾಡಿಸಿ. ಬರುವಾಗ ಅವರು ಒಬ್ಬರೇ ಇರುತ್ತಾರಲ್ವಾ, ಹಿರಿಯರ ಕೋಟಾದಲ್ಲಿ ಕೆಳಗಿನ ಬರ್ತ್ ಕೇಳಿ. ತುಪ್ಪದ ಡಬ್ಬಿ ಖಾಲಿಯಾಗಿ ಬರುತ್ತಿರುತ್ತದೆ, ಲಗೇಜ್ ಒಂದೇ ಚೀಲಕ್ಕೆ ಇಳಿಸಿ. ಮಂಡ್ಯದಲ್ಲಿ ಇಳಿಯುವುದಾದರೆ ಬೋಗಿ ಸಂಖ್ಯೆಯನ್ನು ಹಿಂದಿನ ರಾತ್ರಿಯೇ ಮನೆಯವರಿಗೆ ಕಳಿಸಿ, ಆ ಬಾಗಿಲ ಎದುರಿಗೇ ಒಬ್ಬರು ಬಂದು ನಿಂತಿರಲಿ.